ಅಲ್ಬುಮಿನ್ ಬಾಟಲಿಯ ಲೆಕ್ಕ

ರಾತ್ರಿ ಹನ್ನೊಂದೂವರೆ. ಪುಣೆಯ ಒಂದು ಆಸ್ಪತ್ರೆಯ ಮೆಡಿಕಲ್ ಸ್ಟೋರಿನ ಮುಂದೆ ಚೀಟಿ ಹಿಡಿದು ನಿಂತಿದ್ದೆ. ಚೀಟಿಯ ಮೇಲೆ ಕಾಕಾನ ಹೆಸರು, ಬೆಡ್ ನಂಬರು, ಅದರ ಕೆಳಗೆ ಒಂದೇ ಸಾಲು: ಹ್ಯೂಮನ್ ಅಲ್ಬುಮಿನ್ 20%, 100 ಎಂ.ಎಲ್., ಐದು ಬಾಟಲಿ. ಕೌಂಟರಿನ ಹುಡುಗ ಐದು ಡಬ್ಬಿ ತಂದು ಸಾಲಾಗಿ ಇಟ್ಟು, ಮೂವತ್ತು ಸಾವಿರದ ಆಸುಪಾಸು ಆಗುತ್ತದೆ, ಕಾರ್ಡೋ ಕ್ಯಾಶೋ ಎಂದು ಮರಾಠಿಯಲ್ಲಿ ಕೇಳಿದ. ನಾನು ಒಂದು ಡಬ್ಬಿ ಬಿಚ್ಚಿ ನೋಡಿದೆ. ಅಂಗೈಯಲ್ಲಿ ಹಿಡಿಸುವ ಗಾಜಿನ ಬಾಟಲಿ. ಒಳಗೆ ತಿಳಿಜೇನಿನ ಬಣ್ಣದ ದ್ರವ. ಓರೆ ಮಾಡಿದರೆ ನೀರಿಗಿಂತ ತುಸು ಮಂದವಾಗಿ ಗಾಜಿಗೆ ಅಂಟಿಕೊಂಡು ಇಳಿಯುತ್ತದೆ. ಇಪ್ಪತ್ತು ಗ್ರಾಂ ಪ್ರೋಟೀನು, ಆರು ಸಾವಿರ ರೂಪಾಯಿ.

ಕಾಕಾ ಇಂಡಿ ತಾಲ್ಲೂಕಿನ ನಿಂಬೆ ಬೆಳೆಗಾರ. ಜೀವಮಾನದಲ್ಲಿ ಒಂದು ಹನಿ ಸಾರಾಯಿ ಮುಟ್ಟಿದವನಲ್ಲ. ಲಿವರ್ ಕೆಟ್ಟಿದೆ ಎಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ ಅದೇ ಆದ್ದರಿಂದ ಇದನ್ನು ಹೇಳಬೇಕಾಯಿತು. ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಅದರ ಜೊತೆಗೆ ಲಿವರಿನಲ್ಲಿ ಕೂತ ಕೊಬ್ಬು, ಕೊನೆಗೆ ಸಿರೋಸಿಸ್. ಹೊಟ್ಟೆಯಲ್ಲಿ ನೀರು ತುಂಬಿತು, ಕಾಲು ಬಾತವು. ಸೊಲ್ಲಾಪುರದಲ್ಲಿ ತೋರಿಸಿ, ಅಲ್ಲಿಂದ ಪುಣೆಗೆ ಬಂದರು. ಇಲ್ಲಿಗೆ ಬರುವ ಹೊತ್ತಿಗೆ ಜ್ವರ ಇತ್ತು, ಮಾತು ತೊದಲುತ್ತಿತ್ತು. ಡಾಕ್ಟರು ಸೂಜಿ ಹಾಕಿ ಹೊಟ್ಟೆಯ ನೀರು ಸ್ವಲ್ಪ ತೆಗೆದು ಲ್ಯಾಬಿಗೆ ಕಳಿಸಿದರು. ಅದರಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಒಂದು ಘನ ಮಿಲಿಮೀಟರಿಗೆ 250ಕ್ಕಿಂತ ಹೆಚ್ಚಿದ್ದರೆ ಆ ನೀರಿಗೇ ಸೋಂಕು ತಗಲಿದೆ ಎಂದರ್ಥ. ಕಾಕಾನ ವರದಿಯಲ್ಲಿ ಅದರ ಎಷ್ಟೋ ಪಟ್ಟು ಇತ್ತು. ಆ್ಯಂಟಿಬಯೋಟಿಕ್ ಶುರುವಾಯಿತು, ಅದರ ಜೊತೆಗೇ ಈ ಚೀಟಿ.

ನನ್ನ ಪಕ್ಕದಲ್ಲಿ ಇನ್ನೊಬ್ಬರು ನಿಂತಿದ್ದರು. ಕಲಬುರಗಿ ಕಡೆಯ ಮೇಸ್ತ್ರಿ. ಸಿಂಹಗಡ ರಸ್ತೆಯ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡಿಸುತ್ತಾರೆ. ನಾನು ಫೋನಿನಲ್ಲಿ ಕಾಕಿಯ ಜೊತೆ ಮಾತಾಡಿದ್ದು ಕೇಳಿ, 'ನಮ್ಮ ಕಡೆಯವರೇನ್ರಿ?' ಎಂದು ವಿಚಾರಿಸಿದರು. ಅವರ ತಾಯಿ ನ್ಯುಮೋನಿಯಾ ಆಗಿ ಐಸಿಯುನಲ್ಲಿದ್ದರು. ಅವರ ಚೀಟಿಯಲ್ಲೂ ಇದೇ ಔಷಧ, ಒಂದು ಬಾಟಲಿ. ಅದು ಒಂಬತ್ತನೆಯ ದಿನ, ಒಂಬತ್ತನೆಯ ಬಾಟಲಿ.

'ರಿಪೋರ್ಟಿನ್ಯಾಗ ಅಲ್ಬುಮಿನ್ ಎರಡು ಪಾಯಿಂಟ್ ಒಂದು ಇತ್ತರಿ. ಮೂರರ ಮ್ಯಾಲ ಬರಬೇಕಂತ. ಇವತ್ತಿಗಿ ಎರಡು ಪಾಯಿಂಟ್ ಮೂರ್ ಆಗ್ಯಾದ.'

ಒಂದೇ ಔಷಧ, ಒಂದೇ ಕೌಂಟರು, ಒಂದೇ ಬೆಲೆ. ಆದರೆ ಆ ಎರಡು ಚೀಟಿಗಳ ನಡುವಿನ ಅಂತರ ಎಷ್ಟು ದೊಡ್ಡದು ಎಂಬುದು ಆ ರಾತ್ರಿ ನನಗೆ ಗೊತ್ತಿರಲಿಲ್ಲ. ಮುಂದಿನ ದಿನಗಳಲ್ಲಿ ಡಾಕ್ಟರ್ ಗೆಳೆಯರನ್ನು ಕಾಡಿ, ಓದಿ, ಅರ್ಥ ಮಾಡಿಕೊಂಡೆ. ಪುಣೆಯ ಆಸ್ಪತ್ರೆಗಳ ಮೆಟ್ಟಿಲ ಮೇಲೆ ಊಟದ ಡಬ್ಬಿ ಹಿಡಿದು ಕೂರುವ ನಮ್ಮ ಕಡೆಯ ಪ್ರತಿ ಮನೆಯವರಿಗೂ ಇದು ಗೊತ್ತಿರಬೇಕು ಅನಿಸಿದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಆ ಬಾಟಲಿ ಎಲ್ಲಿಂದ ಬರುತ್ತದೆ ಎಂದು ನೋಡೋಣ. ಅಲ್ಬುಮಿನ್ ಕಾರ್ಖಾನೆಯ ರಾಸಾಯನಿಕದಿಂದ ತಯಾರಾಗುವ ವಸ್ತುವಲ್ಲ. ಅದು ಮನುಷ್ಯರ ರಕ್ತದಿಂದ ಬರುತ್ತದೆ. ಕಾಲೇಜಿನಲ್ಲೋ ಗಣೇಶೋತ್ಸವದ ಮಂಡಳದಲ್ಲೋ ಯಾರೋ ರಕ್ತ ಕೊಡುತ್ತಾರೆ. ರಕ್ತನಿಧಿಯಲ್ಲಿ ಕೆಂಪು ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಹಳದಿ ದ್ರವವೇ ಪ್ಲಾಸ್ಮಾ. ಸಾವಿರಾರು ದಾನಿಗಳ ಪ್ಲಾಸ್ಮಾವನ್ನು ಒಟ್ಟು ಸೇರಿಸಿ, ಚಳಿಯಲ್ಲಿ ಆಲ್ಕೋಹಾಲ್ ಬೆರೆಸಿ, ಹುಳಿಯಂಶವನ್ನು ಹಂತಹಂತವಾಗಿ ಬದಲಿಸಿದರೆ ಒಂದೊಂದು ಪ್ರೋಟೀನು ಒಂದೊಂದು ಹಂತದಲ್ಲಿ ತಳಕ್ಕೆ ಕೂರುತ್ತದೆ. ಹಾಲು ಒಡೆದು ಗಿಣ್ಣು ಬೇರೆ, ನೀರು ಬೇರೆ ಆದಂತೆ. ಈ ವಿದ್ಯೆಯನ್ನು ಕಂಡುಹಿಡಿದವರು ಹಾರ್ವರ್ಡಿನ ಎಡ್ವಿನ್ ಕೋನ್. ಎರಡನೇ ಮಹಾಯುದ್ಧದ ಕಾಲ. ರಣರಂಗಕ್ಕೆ ಪ್ಲಾಸ್ಮಾ ಸಾಗಿಸುವುದು ಕಷ್ಟ, ಚಿಕ್ಕ ಬಾಟಲಿಯಲ್ಲಿ ಕೆಡದೆ ಉಳಿಯುವ ಏನಾದರೂ ಬೇಕಿತ್ತು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆದಾಗ ಸುಟ್ಟ ಗಾಯಗಳಿಂದ ನರಳುತ್ತಿದ್ದ ನಾವಿಕರಿಗೆ ಈ ಅಲ್ಬುಮಿನನ್ನು ಕೊಟ್ಟರು. ಕೋನ್ ಅವರ ಕ್ರಮದಲ್ಲಿ ಐದನೆಯ ಭಾಗವಾಗಿ ಸಿಗುವುದು ಅಲ್ಬುಮಿನ್. ಎರಡನೆಯ ಭಾಗದಲ್ಲಿ ಸಿಗುವುದು ಇಮ್ಯುನೋಗ್ಲಾಬ್ಯುಲಿನ್. ಈ ಎರಡನೆಯದು ಪುಣೆಯ ಕಥೆಯಲ್ಲಿ ಮತ್ತೆ ಬರುತ್ತದೆ.

ಒಂದು ಲೀಟರ್ ಪ್ಲಾಸ್ಮಾದಿಂದ ಸುಮಾರು ಇಪ್ಪತ್ತೈದು ಗ್ರಾಂ ಅಲ್ಬುಮಿನ್ ಸಿಗುತ್ತದೆ. ಒಬ್ಬ ದಾನಿಯ ರಕ್ತದಿಂದ ಸಿಗುವ ಪ್ಲಾಸ್ಮಾ ಲೀಟರಿನ ಐದನೆಯ ಒಂದು ಪಾಲಿನಷ್ಟು. ಹಾಗಾಗಿ ನನ್ನ ಕೈಯಲ್ಲಿದ್ದ ಒಂದೊಂದು ಬಾಟಲಿಯ ಹಿಂದೆ ನಾಲ್ಕೈದು ಜನರ ರಕ್ತದಾನ ಇತ್ತು. ಬಾಟಲಿಗೆ ತುಂಬಿದ ಮೇಲೆ 60 ಡಿಗ್ರಿ ಶಾಖದಲ್ಲಿ ಹತ್ತು ಗಂಟೆ ಇಟ್ಟು ವೈರಸ್ಸುಗಳನ್ನು ಕೊಲ್ಲುತ್ತಾರೆ. ನಮ್ಮ ದೇಶದಲ್ಲಿ ನವಿ ಮುಂಬೈನ ರಿಲಯನ್ಸ್ ಲೈಫ್ ಸೈನ್ಸಸ್, ಅಹಮದಾಬಾದಿನ ಇಂಟಾಸ್ ಇದನ್ನು ತಯಾರಿಸುತ್ತವೆ. ಬೆಂಗಳೂರಿನ ಪ್ಲಾಸ್ಮಾಜೆನ್ ಕಂಪನಿ ಕೋಲಾರದಲ್ಲಿ ಪ್ಲಾಸ್ಮಾ ಸಂಸ್ಕರಣೆಯ ಘಟಕ ಹಾಕಿದೆ. ವಿದೇಶದ ಬಾಟಲಿಗಳೂ ಮಾರುಕಟ್ಟೆಯಲ್ಲಿವೆ. ರಕ್ತನಿಧಿಗಳಲ್ಲಿ ಮಿಕ್ಕ ಪ್ಲಾಸ್ಮಾ ಹಾಳಾಗಿ ಹೋಗದಿರಲಿ ಎಂದು ಕೇಂದ್ರ ಆರೋಗ್ಯ ಇಲಾಖೆ 2015ರಲ್ಲಿ ಲೀಟರಿಗೆ 1,600 ರೂಪಾಯಿಯ ವಿನಿಮಯ ಮೌಲ್ಯ ನಿಗದಿ ಮಾಡಿತು. ಪುಕ್ಕಟೆಯಾಗಿ ಕೊಟ್ಟ ರಕ್ತ ಕೊನೆಗೆ ಬಾಟಲಿಗೆ ಇಷ್ಟೊಂದು ಬೆಲೆಯಾಗಿ ಬರುವುದು ಮನಸ್ಸಿಗೆ ಚುಚ್ಚುತ್ತದೆ, ನಿಜ. ಶುದ್ಧೀಕರಣ, ತಪಾಸಣೆ, ತಿಂಗಳುಗಟ್ಟಲೆಯ ಕೆಲಸ ಇವೆಲ್ಲ ಅದರಲ್ಲಿ ಸೇರಿರುತ್ತವೆ ಎಂಬುದೂ ನಿಜ. ಇಷ್ಟು ಜನರ ಕೊಡುಗೆಯಿಂದ ಬಂದದ್ದು ವ್ಯರ್ಥವಾಗಬಾರದು ಎಂಬುದಂತೂ ಇನ್ನೂ ದೊಡ್ಡ ನಿಜ.

ಇನ್ನು ಅದರ ಕೆಲಸ. ನಮ್ಮ ಲಿವರು ದಿನಕ್ಕೆ ಹತ್ತರಿಂದ ಹದಿನೈದು ಗ್ರಾಂ ಅಲ್ಬುಮಿನ್ ತಯಾರಿಸುತ್ತದೆ. ವಯಸ್ಕರ ಮೈಯಲ್ಲಿ ಒಟ್ಟು ಮುನ್ನೂರು ಗ್ರಾಂ ಆಸುಪಾಸು ಇರುತ್ತದೆ. ಅದರಲ್ಲಿ ನೂರಕ್ಕೆ ನಲವತ್ತು ಪಾಲು ರಕ್ತನಾಳಗಳ ಒಳಗೆ, ಉಳಿದದ್ದು ಹೊರಗಿನ ಅಂಗಾಂಶಗಳಲ್ಲಿ. ರಕ್ತದಲ್ಲಿ ಪ್ರತಿ ನೂರು ಎಂ.ಎಲ್.ಗೆ ಮೂರೂವರೆಯಿಂದ ಐದು ಗ್ರಾಂ ಇದ್ದರೆ ಸರಿ. ಅಲ್ಬುಮಿನ್ ನೀರನ್ನು ಹಿಡಿದಿಡುವ ಪ್ರೋಟೀನು. ಒಂದು ಗ್ರಾಂ ಅಲ್ಬುಮಿನ್ ಸುಮಾರು ಹದಿನೆಂಟು ಎಂ.ಎಲ್. ನೀರನ್ನು ನಾಳದೊಳಗೆ ಕಟ್ಟಿಹಾಕುತ್ತದೆ. ಅದರ ಜೊತೆಗೆ ಪಿತ್ತದ ಬಣ್ಣ, ಕೊಬ್ಬು, ಎಷ್ಟೋ ಔಷಧಗಳನ್ನು ಹೊತ್ತು ತಿರುಗುತ್ತದೆ. ಅದು ಕಡಿಮೆಯಾದರೆ ನೀರು ನಾಳದಿಂದ ಹೊರಗೆ ಜಿನುಗಿ ಕಾಲು ಬಾಯುತ್ತವೆ, ಹೊಟ್ಟೆ ಉಬ್ಬುತ್ತದೆ. ಶಾಲೆಯ ಪುಸ್ತಕದಲ್ಲಿ ಇಷ್ಟು ಓದಿದವರಿಗೆ ಮುಂದಿನ ತೀರ್ಮಾನ ಸಹಜವಾಗಿ ಹೊಳೆಯುತ್ತದೆ. ಕಡಿಮೆ ಇದೆಯೇ? ಹಾಗಾದರೆ ಹಾಕಿ.

ತೊಂದರೆ ಶುರುವಾಗುವುದು ಇಲ್ಲೇ. ನ್ಯುಮೋನಿಯಾ, ರಕ್ತಕ್ಕೆ ಹರಡಿದ ಸೋಂಕು, ದೊಡ್ಡ ಆಪರೇಷನ್, ಇಂಥ ಯಾವುದೇ ಗಂಭೀರ ಕಾಯಿಲೆಯಲ್ಲಿ ಅಲ್ಬುಮಿನ್ ಇಳಿಯುತ್ತದೆ. ಲಿವರು ಆ ಹೊತ್ತಿನಲ್ಲಿ ಸೋಂಕಿನ ವಿರುದ್ಧ ಬೇಕಾದ ಬೇರೆ ಪ್ರೋಟೀನುಗಳನ್ನು ತಯಾರಿಸಲು ತೊಡಗುತ್ತದೆ. ರಕ್ತನಾಳಗಳ ಗೋಡೆಗಳು ಸಡಿಲಾಗಿ ಅಲ್ಬುಮಿನ್ ಹೊರಗೆ ಸೋರುತ್ತದೆ. ಆರೋಗ್ಯವಂತರಲ್ಲೂ ಗಂಟೆಗೆ ನೂರಕ್ಕೆ ಐದು ಪಾಲು ನಾಳದಿಂದ ಹೊರಗೆ ಹೋಗಿ ಮತ್ತೆ ತಿರುಗಿ ಬರುತ್ತಿರುತ್ತದೆ. ಸೋಂಕು ಏರಿದಾಗ ಹೊರಗೆ ಹೋಗುವ ವೇಗ ಎಷ್ಟೋ ಪಟ್ಟು ಹೆಚ್ಚುತ್ತದೆ. ಮೇಲಿಂದ ಸಲಾಯಿನ್ ಬಾಟಲಿಗಳ ನೀರು ಸೇರಿ ರಕ್ತ ತೆಳುವಾಗುತ್ತದೆ. ಒಡ್ಡು ಒಡೆದ ಹೊಲಕ್ಕೆ ಬೋರಿನ ನೀರು ಬಿಟ್ಟರೆ ನಿಲ್ಲುತ್ತದೆಯೇ? ನಮ್ಮ ಕಾಕಾನಂಥ ರೈತನಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಮೊದಲು ಒಡ್ಡು ಕಟ್ಟಬೇಕು, ಅಂದರೆ ಸೋಂಕು ಇಳಿಯಬೇಕು. ಅದು ಇಳಿದ ಮೇಲೆ ಅಲ್ಬುಮಿನ್ ನಿಧಾನಕ್ಕೆ ತಾನಾಗಿ ಏರುತ್ತದೆ.

ರಿಪೋರ್ಟಿನಲ್ಲಿ ಅಲ್ಬುಮಿನ್ ಕಡಿಮೆ ಇರುವ ರೋಗಿಗೆ ಅಪಾಯ ಹೆಚ್ಚು ಎಂಬುದು ಸತ್ಯ. ಆದರೆ ಆ ಸಂಖ್ಯೆ ಕಾಯಿಲೆಯ ಆಳವನ್ನು ತೋರಿಸುವ ಗುರುತು. ಬಾಟಲಿ ಹಾಕಿ ಗುರುತನ್ನು ಮೇಲೆತ್ತಿದ ಮಾತ್ರಕ್ಕೆ ಕಾಯಿಲೆ ತಗ್ಗುವುದಿಲ್ಲ. ಇದು ಬರೀ ತರ್ಕವಾಗಿದ್ದರೆ ನಾನು ಇಷ್ಟು ಧೈರ್ಯದಿಂದ ಬರೆಯುತ್ತಿರಲಿಲ್ಲ. ಸಾವಿರಾರು ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದ್ದಾರೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಲ್ಬುಮಿನ್ ಎಂಬ ಹೆಸರಿನ ಮೂಲ ಬಿಳುಪು ಎನ್ನುವ ಅರ್ಥದ ಲ್ಯಾಟಿನ್ ಮಾತು. ಮೊಟ್ಟೆಯ ಬಿಳಿಗೂ ಅದೇ ಹೆಸರು. ಹೀಗಾಗಿ ಬಾಟಲಿಯನ್ನು 'ಶಕ್ತಿಯ ಬಾಟಲಿ' ಎಂದು ಎಷ್ಟೋ ಮನೆಯವರು ನಂಬಿದ್ದಾರೆ, ಕೆಲವು ಕಡೆ ವಾರ್ಡಿನವರೂ ಹಾಗೇ ಹೇಳುತ್ತಾರೆ. ಮೊಟ್ಟೆಯಲ್ಲಿರುವ ಪ್ರೋಟೀನೇ ಬೇರೆ, ರಕ್ತದಲ್ಲಿರುವುದೇ ಬೇರೆ. ಬಾಟಲಿಯ ಅಲ್ಬುಮಿನ್ ಆಹಾರವಾಗಿ ಒದಗುವುದೂ ಇಲ್ಲ. ರಕ್ತಕ್ಕೆ ಸೇರಿದ್ದರಲ್ಲಿ ಅರ್ಧ ಕರಗಲು ಆರೋಗ್ಯವಂತರಲ್ಲಿ ಇಪ್ಪತ್ತು ದಿನ ಹತ್ತಿರ ಬೇಕು. ಒಂದು ಬಾಟಲಿಯಲ್ಲಿ ಇರುವುದು ಮೂರು ಮೊಟ್ಟೆಗಳಲ್ಲಿರುವಷ್ಟು ಪ್ರೋಟೀನು. ಮೈಗೆ ಬಲ ಬರಬೇಕಾದರೆ ಬಾಯಿಂದಲೋ ಮೂಗಿನ ನಳಿಕೆಯಿಂದಲೋ ಊಟ ಹೋಗಬೇಕು. ನಮ್ಮ ಬೇಳೆ, ಮೊಸರು, ಮೊಟ್ಟೆ ಆ ಕೆಲಸವನ್ನು ನೂರು ರೂಪಾಯಿಯೊಳಗೆ ಮಾಡುತ್ತವೆ.

ಅಲ್ಬುಮಿನ್ ಬಳಕೆಗೆ ಬಂದು ಐವತ್ತು ವರ್ಷಗಳವರೆಗೆ ಡಾಕ್ಟರುಗಳು ಇದನ್ನು ನಂಬಿಕೆಯ ಮೇಲೆಯೇ ಕೊಡುತ್ತಿದ್ದರು. 1998ರಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು. ಕೊಕ್ರೇನ್ ಗುಂಪಿನವರು ಹಳೆಯ ಸಣ್ಣಪುಟ್ಟ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, ಅಲ್ಬುಮಿನ್ ಕೊಟ್ಟ ಪ್ರತಿ ಹದಿನೇಳು ಗಂಭೀರ ರೋಗಿಗಳಲ್ಲಿ ಒಂದು ಸಾವು ಹೆಚ್ಚಾಗುತ್ತಿದೆ ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಜಗತ್ತಿನ ಐಸಿಯುಗಳೆಲ್ಲ ಬೆಚ್ಚಿದವು. ಇದು ನಿಜವೇ ಎಂದು ಪರೀಕ್ಷಿಸಲು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ 16 ಐಸಿಯುಗಳು ಸೇರಿ ಸುಮಾರು ಏಳು ಸಾವಿರ ರೋಗಿಗಳನ್ನು ಎರಡು ಗುಂಪು ಮಾಡಿದವು. ಅರ್ಧ ಜನಕ್ಕೆ ಅಲ್ಬುಮಿನ್, ಅರ್ಧ ಜನಕ್ಕೆ ಬರೀ ಸಲಾಯಿನ್. 'ಸೇಫ್' ಎಂಬ ಹೆಸರಿನ ಈ ಅಧ್ಯಯನದ ಫಲಿತಾಂಶ 2004ರಲ್ಲಿ ಬಂತು. 28 ದಿನಗಳಲ್ಲಿ ಅಲ್ಬುಮಿನ್ ಗುಂಪಿನಲ್ಲಿ ತೀರಿಕೊಂಡವರು 726, ಸಲಾಯಿನ್ ಗುಂಪಿನಲ್ಲಿ 729. ಅಲ್ಬುಮಿನ್ ವಿಷವಲ್ಲ ಎಂಬ ಸಮಾಧಾನ ಸಿಕ್ಕಿತು. ಅದರ ಜೊತೆಗೆ, ನೂರು ರೂಪಾಯಿ ಆಸುಪಾಸಿನಲ್ಲಿ ಸಿಗುವ ಸಲಾಯಿನ್ ಮಾಡುವ ಕೆಲಸಕ್ಕಿಂತ ಅದು ಹೆಚ್ಚೇನೂ ಮಾಡಲಿಲ್ಲ ಎಂಬುದೂ ಗೊತ್ತಾಯಿತು. ತಲೆಗೆ ಪೆಟ್ಟಾದವರಲ್ಲಿ ಮಾತ್ರ ಚಿತ್ರ ಕೆಟ್ಟದಾಗಿತ್ತು. ಅವರನ್ನು ಎರಡು ವರ್ಷ ಹಿಂಬಾಲಿಸಿದಾಗ ಅಲ್ಬುಮಿನ್ ಪಡೆದವರಲ್ಲಿ ನೂರಕ್ಕೆ 33, ಸಲಾಯಿನ್ ಪಡೆದವರಲ್ಲಿ ನೂರಕ್ಕೆ 20 ಜನ ತೀರಿಕೊಂಡಿದ್ದರು. ಹೆಲ್ಮೆಟ್ ಇಲ್ಲದೆ ದ್ವಿಚಕ್ರ ವಾಹನ ಓಡಿಸುವ ಪುಣೆಯಂಥ ಊರಿನಲ್ಲಿ ಈ ಮಾತನ್ನು ನೆನಪಿಡಬೇಕು.

ಮೇಸ್ತ್ರಿಯ ತಾಯಿಯ ಚೀಟಿಗೆ ಇನ್ನೂ ಹತ್ತಿರದ ಉತ್ತರ ಇಟಲಿಯಿಂದ ಬಂತು. ತೀವ್ರ ಸೋಂಕಿನಿಂದ ಐಸಿಯು ಸೇರಿದ 1,818 ರೋಗಿಗಳಲ್ಲಿ ಅರ್ಧ ಜನಕ್ಕೆ ದಿನವೂ 20% ಅಲ್ಬುಮಿನ್ ಕೊಟ್ಟು ರಕ್ತದ ಮಟ್ಟವನ್ನು ಮೂರಕ್ಕೆ ಏರಿಸಿ ಹಿಡಿದರು. ಇದೇ ಸಂಖ್ಯೆ, ಇದೇ ಬಾಟಲಿ. 2014ರಲ್ಲಿ ಬಂದ ಫಲಿತಾಂಶ: ಪಡೆದವರಲ್ಲಿ ಸಾವು ನೂರಕ್ಕೆ 31.8, ಪಡೆಯದವರಲ್ಲಿ 32. ಬಹಳ ಸಲಾಯಿನ್ ಕೊಟ್ಟರೂ ಬಿ.ಪಿ. ನಿಲ್ಲದ ಸೋಂಕಿನ ರೋಗಿಗಳಿಗೆ ಅಲ್ಬುಮಿನ್ ಕೊಡಬಹುದು ಎಂದು ಕೆಲವು ಮಾರ್ಗಸೂಚಿಗಳು ಇಂದಿಗೂ ಹೇಳುತ್ತವೆ. ಅಲ್ಲಿ ಡಾಕ್ಟರರ ವಿವೇಚನೆಗೆ ಜಾಗವಿದೆ. ಸಂಖ್ಯೆಯನ್ನು ಮೂರಕ್ಕೆ ತರುವುದಕ್ಕಾಗಿಯೇ ದಿನಕ್ಕೊಂದು ಬಾಟಲಿ ಎಂಬುದಕ್ಕೆ ಮಾತ್ರ ಆಧಾರ ಸಿಗುವುದಿಲ್ಲ.

ಲಿವರಿನ ರೋಗಿಗಳಿಗಾದರೂ ಸಂಖ್ಯೆ ಏರಿಸುವುದು ಒಳ್ಳೆಯದಲ್ಲವೇ ಎಂದು ಬ್ರಿಟನ್ನಿನ 35 ಆಸ್ಪತ್ರೆಗಳು ಸಿರೋಸಿಸ್ ಇರುವ 777 ಜನರಲ್ಲಿ ಪರೀಕ್ಷಿಸಿದವು. ಒಂದು ಗುಂಪಿಗೆ ಎರಡು ವಾರದಲ್ಲಿ ಸುಮಾರು 200 ಗ್ರಾಂ, ನಮ್ಮ ಲೆಕ್ಕದಲ್ಲಿ ಹತ್ತು ಬಾಟಲಿ, ಹೋಯಿತು. ಹೊಸ ಸೋಂಕು, ಕಿಡ್ನಿ ಸೋಲು, ಸಾವು ಇವು ಎರಡೂ ಗುಂಪಿನಲ್ಲಿ ನೂರಕ್ಕೆ 30ರ ಸುತ್ತಲೇ ಉಳಿದವು. ಅಲ್ಬುಮಿನ್ ಹೆಚ್ಚು ಪಡೆದವರಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿ ಉಸಿರು ಕಟ್ಟಿದ ಪ್ರಸಂಗಗಳು ಜಾಸ್ತಿಯಾದವು. ಇದು 2021ರ ಮಾತು. ಹೃದಯದ ಆಪರೇಷನ್ ವೇಳೆ ಕೊಟ್ಟು ನೋಡಿದ ಫಿನ್ಲೆಂಡಿನವರಿಗೂ 2022ರಲ್ಲಿ ಲಾಭ ಕಾಣಲಿಲ್ಲ.

ಹಾಗಾದರೆ ಕಾಕಾನ ಐದು ಬಾಟಲಿ?

ಅವು ಬೇಕೇ ಬೇಕಿದ್ದವು. ಹೊಟ್ಟೆಯ ನೀರಿಗೆ ಸೋಂಕು ತಗಲಿದ ಸಿರೋಸಿಸ್ ರೋಗಿಯಲ್ಲಿ ಆ್ಯಂಟಿಬಯೋಟಿಕ್ ಸೋಂಕನ್ನು ಗೆದ್ದರೂ ಕಿಡ್ನಿ ಕೈಕೊಡುತ್ತಿತ್ತು. ರಕ್ತ ಮೈಯಲ್ಲೇ ಇದ್ದರೂ ಕಿಡ್ನಿಯ ಕಡೆಗೆ ಸಾಕಷ್ಟು ಹರಿಯುತ್ತಿರಲಿಲ್ಲ. 1999ರಲ್ಲಿ ಸ್ಪೇನಿನ ಡಾಕ್ಟರುಗಳು ಇಂಥ 126 ರೋಗಿಗಳಲ್ಲಿ ಅರ್ಧ ಜನಕ್ಕೆ ಆ್ಯಂಟಿಬಯೋಟಿಕ್ ಜೊತೆ ಅಲ್ಬುಮಿನ್ ಕೊಟ್ಟರು. ಮೊದಲ ದಿನ ಮೈತೂಕದ ಕಿಲೋಗೆ ಒಂದೂವರೆ ಗ್ರಾಂ, ಮೂರನೆಯ ದಿನ ಒಂದು ಗ್ರಾಂ, ಅಷ್ಟೇ. ಆಸ್ಪತ್ರೆಯಲ್ಲಿನ ಸಾವು ನೂರಕ್ಕೆ 29ರಿಂದ 10ಕ್ಕೆ ಇಳಿಯಿತು. ಕಿಡ್ನಿ ಕೆಡುವುದು 33ರಿಂದ 10ಕ್ಕೆ ಇಳಿಯಿತು. ಒಂದು ಔಷಧ ಸಾವನ್ನು ಈ ಮಟ್ಟಿಗೆ ತಡೆದ ಉದಾಹರಣೆಗಳು ಲಿವರ್ ವೈದ್ಯಶಾಸ್ತ್ರದಲ್ಲಿ ವಿರಳ. ಅರವತ್ತು ಕಿಲೋ ತೂಗುವ ಕಾಕಾನಿಗೆ ಮೊದಲ ದಿನ 90 ಗ್ರಾಂ, ಮೂರನೆಯ ದಿನ 60 ಗ್ರಾಂ. ಐದು ಬಾಟಲಿ, ಆಮೇಲೆ ಮೂರು. ಅಲ್ಲಿಗೆ ನಿಲ್ಲುತ್ತದೆ. ಚೀಟಿಯಲ್ಲಿ ಮೊದಲೇ ಕೊನೆ ಬರೆದಿರುತ್ತದೆ, ಅದನ್ನು ಗಮನಿಸಬೇಕು.

ಇದೇ ರೀತಿ ಹೊಟ್ಟೆಯಿಂದ ಒಮ್ಮೆಗೇ ಐದು ಲೀಟರಿಗಿಂತ ಹೆಚ್ಚು ನೀರು ತೆಗೆಯುವಾಗ ಪ್ರತಿ ಲೀಟರಿಗೆ ಆರರಿಂದ ಎಂಟು ಗ್ರಾಂ ಕೊಡುತ್ತಾರೆ. ಕೊಡದಿದ್ದರೆ ಬಿ.ಪಿ., ಕಿಡ್ನಿ ಎರಡೂ ಕುಸಿಯಬಹುದು. ಎಂಟು ಲೀಟರ್ ತೆಗೆದರೆ ಮೂರು ಬಾಟಲಿಗೆ ಲೆಕ್ಕ ಸರಿಹೋಗುತ್ತದೆ. ಲಿವರಿನಿಂದಾಗಿ ಕಿಡ್ನಿ ಸೋತಾಗ ಟರ್ಲಿಪ್ರೆಸಿನ್ ಎಂಬ ಔಷಧದ ಜೊತೆಗೂ ಅಲ್ಬುಮಿನ್ ಇರುತ್ತದೆ. ಇಂಥ ಕಡೆ 'ದುಬಾರಿ, ಬೇಡ' ಎಂದು ಮನೆಯವರು ಹಿಂಜರಿದರೆ ಜೀವಕ್ಕೇ ಕುತ್ತು. ಅನಗತ್ಯ ಬಳಕೆಯ ಬಗ್ಗೆ ಬರೆಯುವಾಗ ನನಗಿದ್ದ ಭಯ ಇದೇ. ಓದಿದವರು ಬೇಕಾದಾಗಲೂ ಬೇಡ ಎಂದುಬಿಟ್ಟಾರು. ದಯವಿಟ್ಟು ಹಾಗೆ ಮಾಡಬೇಡಿ.

ಪುಣೆಯ ಜನಕ್ಕೆ ಪ್ಲಾಸ್ಮಾದ ಬೆಲೆ ಏನೆಂಬುದು 2025ರ ಜನವರಿಯಲ್ಲಿ ತಟ್ಟಿತು. ಸಿಂಹಗಡ ರಸ್ತೆ, ನಾಂದೇಡ್ ಗಾಂವ್, ಕಿರ್ಕಟವಾಡಿ, ಧಾಯರಿ ಸುತ್ತ ಒಬ್ಬರ ಹಿಂದೆ ಒಬ್ಬರು ಕಾಲಿನಲ್ಲಿ ಬಲವಿಲ್ಲದೆ ಕುಸಿಯತೊಡಗಿದರು. ಕಾಯಿಲೆಯ ಹೆಸರು ಗಿಯಾಂ-ಬಾರೆ ಸಿಂಡ್ರೋಮ್, ಎಲ್ಲರ ಬಾಯಲ್ಲಿ ಜಿಬಿಎಸ್. ಹೊಟ್ಟೆಯ ಸೋಂಕಿನ ನಂತರ ಮೈಯ ರಕ್ಷಣಾ ವ್ಯವಸ್ಥೆ ತನ್ನದೇ ನರಗಳ ಮೇಲೆ ತಿರುಗಿಬೀಳುವ ಕಾಯಿಲೆ. ಮಾದರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನೈ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು, ಕುಡಿಯುವ ನೀರಿನ ಕಡೆಗೆ ಎಲ್ಲರ ಬೆರಳು ಹೋಯಿತು. ರೋಗಿಗಳ ಸಂಖ್ಯೆ ಇನ್ನೂರು ದಾಟಿತು. ಚಿಕಿತ್ಸೆ ಎರಡು ಬಗೆ. ಒಂದು ಇಮ್ಯುನೋಗ್ಲಾಬ್ಯುಲಿನ್ ಇಂಜೆಕ್ಷನ್. ಒಂದಕ್ಕೆ ಇಪ್ಪತ್ತು ಸಾವಿರ, ಒಬ್ಬರಿಗೆ ಹತ್ತಾರು ಬೇಕು ಎಂದು ಆಗ ಪತ್ರಿಕೆಗಳು ಬರೆದವು. ಇನ್ನೊಂದು ಪ್ಲಾಸ್ಮಾ ಬದಲಾವಣೆ. ಯಂತ್ರದ ಮೂಲಕ ರೋಗಿಯ ಪ್ಲಾಸ್ಮಾ ತೆಗೆದು ಆ ಜಾಗಕ್ಕೆ ಬೇರೆ ದ್ರವ ತುಂಬುವುದು. ಆ ತುಂಬುವ ದ್ರವ ಮುಖ್ಯವಾಗಿ ಅಲ್ಬುಮಿನ್. ದೊಡ್ಡವರಿಗೆ ಒಂದು ಸಲಕ್ಕೆ ಎರಡೂವರೆ ಲೀಟರ್ ಹತ್ತಿರ ಬೇಕು. 5% ಅಲ್ಬುಮಿನ್ ಎಂದುಕೊಂಡರೆ ಸುಮಾರು 125 ಗ್ರಾಂ, ಆರೇಳು ಬಾಟಲಿ. ಇದನ್ನು ಎರಡು ವಾರದಲ್ಲಿ ಐದು ಸಲ ಮಾಡುವುದು ರೂಢಿ. ಎರಡೂ ಚಿಕಿತ್ಸೆಗಳ ಫಲ ಸಮಸಮ ಎಂದು 1990ರ ದಶಕದ ಅಧ್ಯಯನಗಳು ತೋರಿಸಿವೆ.

ಕೋನ್ ಅವರ ಎರಡನೆಯ ಭಾಗ ಮತ್ತು ಐದನೆಯ ಭಾಗ, ಒಂದೇ ಪ್ಲಾಸ್ಮಾದ ಎರಡು ಮಕ್ಕಳು, ಆ ಜನವರಿಯಲ್ಲಿ ಒಂದೇ ವಾರ್ಡಿನಲ್ಲಿ ಕೆಲಸ ಮಾಡಿದವು. ಇಷ್ಟು ಖರ್ಚು ಯಾವ ಮಧ್ಯಮ ವರ್ಗದ ಮನೆಯೂ ತಾಳುವಂಥದ್ದಲ್ಲ ಎಂದು ಅರಿತ ಸರ್ಕಾರ ಪಾಲಿಕೆಯ ಕಮಲಾ ನೆಹರು ಆಸ್ಪತ್ರೆ, ಪಿಂಪ್ರಿ-ಚಿಂಚ್‌ವಡದ ವೈಸಿಎಂ ಮತ್ತು ಸಾಸೂನ್ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಘೋಷಿಸಿತು. ರೋಗ ಹಬ್ಬಿದಾಗ ಎದ್ದು ನಿಂತ ಈ ಕಾಳಜಿ, ಒಂಟಿಯಾಗಿ ಲಿವರ್ ವಾರ್ಡಿನಲ್ಲಿ ಮಲಗಿದವರಿಗೂ ಬೇಕು.

ಹಣದ ಮಾತು. 100 ಎಂ.ಎಲ್.ನ 20% ಬಾಟಲಿ ಕಂಪನಿಯ ಮೇಲೆ, ಕೊಳ್ಳುವ ಜಾಗದ ಮೇಲೆ ನಾಲ್ಕೈದು ಸಾವಿರದಿಂದ ಏಳೆಂಟು ಸಾವಿರದವರೆಗೆ ಬೀಳುತ್ತದೆ. ಕಾಕಾನ ಎಂಟು ಬಾಟಲಿಗೆ ನಲವತ್ತೆಂಟು ಸಾವಿರ ಕೊಟ್ಟೆವು. ಕಾಕಿ ಒಮ್ಮೆಯೂ ಬೆಲೆ ಕೇಳಲಿಲ್ಲ.

'ಹೊಲ ಐತಿ ತಮ್ಮಾ. ಗಿಡಾ ಮತ್ತ ಹಚ್ಚಬಹುದು. ಡಾಕ್ಟರ್ ಏನ್ ಹೇಳ್ತಾರ ಅದನ್ನ ತರ್ರಿ.'

ಇಂಥ ಮಾತಿನ ಮುಂದೆ ಪ್ರಶ್ನೆ ಕೇಳುವುದೇ ತಪ್ಪೇನೋ ಅನಿಸುತ್ತದೆ. ಐಸಿಯು ಬಾಗಿಲಲ್ಲಿ ನಿಂತವರು 'ಇದು ಯಾಕೆ?' ಎಂದರೆ ಜೀವಕ್ಕಿಂತ ದುಡ್ಡು ದೊಡ್ಡದಾಯಿತೇ ಎಂದು ಜನ ನೋಡುತ್ತಾರೆ. ಆದರೂ ಕೇಳಬೇಕು. ಯಾವ ಕಾರಣಕ್ಕೆ ಕೊಡುತ್ತಿದ್ದೀರಿ, ಒಟ್ಟು ಎಷ್ಟು, ಯಾವಾಗ ನಿಲ್ಲಿಸುತ್ತೀರಿ ಎಂದು ಮರ್ಯಾದೆಯಿಂದ ಕೇಳಿದರೆ ಒಳ್ಳೆಯ ಡಾಕ್ಟರು ಸಿಟ್ಟಾಗುವುದಿಲ್ಲ. ಹೊಟ್ಟೆಯ ನೀರಿನ ಸೋಂಕು, ನೀರು ತೆಗೆಯುವುದು, ಕಿಡ್ನಿ, ಪ್ಲಾಸ್ಮಾ ಬದಲಾವಣೆ ಎಂಬ ಉತ್ತರ ಬಂದರೆ ಹಿಂದೆ ಮುಂದೆ ನೋಡದೆ ತನ್ನಿ. ಬರೀ ಸಂಖ್ಯೆ ಕಡಿಮೆ ಇದೆ ಎಂಬ ಉತ್ತರ ಬಂದರೆ ಇನ್ನೊಮ್ಮೆ ಕೇಳಿ. ಡಾಕ್ಟರುಗಳ ಪಾಡೂ ನನಗೆ ಅರ್ಥವಾಗುತ್ತದೆ. ಕೈಯಲ್ಲಾದದ್ದನ್ನೆಲ್ಲ ಮಾಡಿ ಎಂದು ಮನೆಯವರು ಬೇಡಿಕೊಳ್ಳುತ್ತಿರುವಾಗ ರಿಪೋರ್ಟಿನ ಕೆಂಪು ಅಂಕಿಯನ್ನು ಸುಮ್ಮನೆ ಬಿಡುವುದು ಸುಲಭವಲ್ಲ.

ಮಹಾರಾಷ್ಟ್ರದಲ್ಲಿ ಇನ್ನೊಂದು ದಾರಿ ಇದೆ, ನಮ್ಮವರಿಗೆ ಬಹಳ ಮಂದಿಗೆ ಗೊತ್ತಿಲ್ಲ. ಪುಣೆಯ ದೊಡ್ಡ ಆಸ್ಪತ್ರೆಗಳಲ್ಲಿ ಹಲವು ಧರ್ಮಾರ್ಥ ಟ್ರಸ್ಟುಗಳವು. ಸಾರ್ವಜನಿಕ ಟ್ರಸ್ಟು ಕಾಯ್ದೆಯ 41ಎಎ ಕಲಮಿನ ಪ್ರಕಾರ ಅವು ನೂರಕ್ಕೆ ಹತ್ತು ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನು ಹತ್ತನ್ನು ದುರ್ಬಲ ವರ್ಗಕ್ಕೆ ರಿಯಾಯಿತಿಯಲ್ಲಿ ಕೊಡಬೇಕು. ಅದಕ್ಕೆಂದೇ ಒಟ್ಟು ಬಿಲ್ಲಿನ ನೂರಕ್ಕೆ ಎರಡು ಪಾಲನ್ನು ನಿಧಿಯಾಗಿ ಇಡಬೇಕು. ಪ್ರತಿ ಟ್ರಸ್ಟ್ ಆಸ್ಪತ್ರೆಯಲ್ಲೂ ಸಮಾಜ ಸೇವಕರ ಕೋಣೆ ಇರುತ್ತದೆ. ರೇಷನ್ ಕಾರ್ಡು, ಆದಾಯದ ದಾಖಲೆ ಹಿಡಿದು ಸೇರಿದ ದಿನವೇ ಅಲ್ಲಿಗೆ ಹೋಗಬೇಕು. ಬಿಲ್ಲು ಬೆಳೆದ ಮೇಲೆ ಓಡಾಡಿದರೆ ಕೆಲಸ ಕಷ್ಟ. ಸಾಸೂನ್ ಅಂತೂ ಸರ್ಕಾರಿ ಆಸ್ಪತ್ರೆ.

ಮೂರನೆಯ ದಿನ ಬೆಳಿಗ್ಗೆ ಕಾಕಾ ಕಣ್ಣುಬಿಟ್ಟು ನನ್ನ ಹೆಸರು ಹಿಡಿದು ಕರೆದ. ಮೂತ್ರ ಚೆನ್ನಾಗಿ ಹೋಗುತ್ತಿತ್ತು, ಕ್ರಿಯಾಟಿನಿನ್ ಏರಿರಲಿಲ್ಲ. ಅಲ್ಬುಮಿನ್ ಮಾತ್ರ ಎರಡೂವರೆಯಲ್ಲೇ ಇತ್ತು. 'ಇನ್ನಾ ಕಡಿಮಿನೇ ಐತಲ್ಲೋ' ಎಂದು ಕಾಕಿ ಕಳವಳಪಟ್ಟಳು. ವಾರ್ಡಿನ ಕಿರಿಯ ಡಾಕ್ಟರಮ್ಮ, ಕಿಡ್ನಿ ಉಳಿದಿದೆ ಅಮ್ಮ, ಆ ಅಂಕಿಯನ್ನು ನೋಡಬೇಡಿ ಎಂದು ಹಿಂದಿಯಲ್ಲಿ ಸಮಾಧಾನ ಹೇಳಿ ಮೂರು ಬಾಟಲಿಯ ಚೀಟಿ ಬರೆದುಕೊಟ್ಟರು.

ಅದೇ ಹೊತ್ತಿಗೆ ಮೇಸ್ತ್ರಿ ಐಸಿಯು ಬಾಗಿಲಲ್ಲಿ ಸಿಕ್ಕರು. ಹಿಂದಿನ ದಿನ ನಾವಿಬ್ಬರೂ ಚಹಾ ಕುಡಿಯುತ್ತ ಈ ಮಾತನ್ನೇ ಆಡಿದ್ದೆವು. ಅವರು ರೌಂಡಿನ ವೇಳೆ ದೊಡ್ಡ ಡಾಕ್ಟರರನ್ನು ನಿಲ್ಲಿಸಿ ಕೇಳಿದ್ದರು. ಡಾಕ್ಟರು ಫೈಲು ತಿರುವಿ, ಬಿ.ಪಿ. ಈಗ ತಾನಾಗಿ ನಿಂತಿದೆ, ಇನ್ನು ಬೇಡ, ನಳಿಕೆಯ ಊಟ ಹೆಚ್ಚಿಸೋಣ ಅಂದರಂತೆ. ಮೇಸ್ತ್ರಿಯ ಕೈಯಲ್ಲಿ ಅಂದಿಗೆಂದು ಮೊದಲೇ ಕೊಂಡಿದ್ದ ಬಾಟಲಿ ಸೀಲು ಒಡೆಯದೆ ಉಳಿದಿತ್ತು.

ಇಬ್ಬರೂ ಒಟ್ಟಿಗೆ ಕೆಳಗಿಳಿದೆವು. ಕೌಂಟರಿನ ಹುಡುಗ ಅವರ ಡಬ್ಬಿಯ ಬ್ಯಾಚ್ ನಂಬರನ್ನು ಬಿಲ್ಲಿನ ಜೊತೆ ತಾಳೆ ನೋಡಿ, ದುಡ್ಡು ಎಣಿಸಿ ಕೊಟ್ಟ. ಮೇಸ್ತ್ರಿ ನೋಟುಗಳನ್ನು ಎರಡು ಸಲ ಎಣಿಸಿ ಒಳಜೇಬಿಗೆ ಹಾಕಿಕೊಂಡರು. ಆಮೇಲೆ ನಾನು ನನ್ನ ಚೀಟಿ ಕೊಟ್ಟೆ. ಹುಡುಗ ಕಪಾಟಿನಿಂದ ಎರಡು ಡಬ್ಬಿ ತೆಗೆದ, ಮೇಸ್ತ್ರಿ ವಾಪಸು ಕೊಟ್ಟಿದ್ದು ಇನ್ನೂ ಕೌಂಟರಿನ ಮೇಲೇ ಇತ್ತು, ಅದನ್ನು ಸೇರಿಸಿ ಮೂರು ಮಾಡಿ ನನ್ನ ಕಡೆ ಸರಿಸಿದ.